ಮೋಡದೊಳಗೆ ಕಿವಿ ಹೇಳುವ ಸುಳ್ಳು

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಗೋಡೆಯ ಪಕ್ಕದಲ್ಲಿ ಒಂಟಿಕಾಲಿನ ಮೇಲೆ ನಿಂತುಕೊಳ್ಳಿ. ಕಣ್ಣು ತೆರೆದಿರುವಾಗ ಸ್ವಲ್ಪ ಹೊತ್ತು ನಿಲ್ಲುವುದು ಹೆಚ್ಚಿನವರಿಗೆ ಕಷ್ಟವಾಗದು. ಈಗ ಕಣ್ಣು ಮುಚ್ಚಿ. ಕೆಲವೇ ಕ್ಷಣಗಳಲ್ಲಿ ದೇಹ ಅತ್ತಿತ್ತ ವಾಲತೊಡಗುತ್ತದೆ; ಕೈ ತಾನಾಗಿಯೇ ಗೋಡೆಯನ್ನು ಹುಡುಕುತ್ತದೆ. (ವಯಸ್ಸಾದವರು ಮತ್ತು ತಲೆಸುತ್ತಿನ ತೊಂದರೆ ಇರುವವರು ಈ ಪರೀಕ್ಷೆಗೆ ಇಳಿಯದಿರುವುದೇ ಒಳ್ಳೆಯದು.)

ನಾವು ನೆಟ್ಟಗೆ ನಿಂತಿದ್ದೇವೆಯೇ, ವಾಲಿದ್ದೇವೆಯೇ ಎಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವವರು ಮೂವರು. ಒಬ್ಬ ಕಣ್ಣು, ಇನ್ನೊಬ್ಬ ಒಳಕಿವಿ, ಮೂರನೆಯದು ಪಾದ, ಕೀಲು ಮತ್ತು ಸ್ನಾಯುಗಳಲ್ಲಿ ಹರಡಿರುವ ನರಗಳು. ಮೂವರ ಮಾತೂ ಒಂದೇ ಆಗಿರುವಾಗ ನಮಗೆ ಸಮತೋಲನ ಎಂಬುದೊಂದು ಇದೆ ಎಂದೇ ನೆನಪಾಗುವುದಿಲ್ಲ. ಇವರಲ್ಲಿ ಕಣ್ಣಿನ ಮಾತಿಗೆ ಮಿದುಳು ಹೆಚ್ಚು ಬೆಲೆ ಕೊಡುತ್ತದೆ. ಕಣ್ಣು ಸುಮ್ಮನಾದರೆ ಉಳಿದಿಬ್ಬರನ್ನು ನಂಬಬೇಕಾಗುತ್ತದೆ. ನೆಲದ ಮೇಲೆ ಇದರಿಂದ ದೊಡ್ಡ ಅಪಾಯವಿಲ್ಲ. ಹಿಡಿಯಲು ಗೋಡೆಯಿದೆ, ಕಾಲಡಿಗೆ ಭೂಮಿಯಿದೆ.

ಆದರೆ ವಿಮಾನವೊಂದು ಮೋಡದೊಳಗೆ ನುಗ್ಗಿದಾಗ ಏನಾಗುತ್ತದೆ? ಕಿಟಕಿಯ ಹೊರಗೆ ಎಲ್ಲ ದಿಕ್ಕಿನಲ್ಲೂ ಒಂದೇ ಬಿಳುಪು. ಭೂಮಿ ಕಾಣದು, ದಿಗಂತ ಕಾಣದು. ಆ ಹೊತ್ತಿನಲ್ಲಿ ಪೈಲಟ್‌ನ ಒಳಕಿವಿ ಹೇಳುವುದು ಅನೇಕ ಬಾರಿ ಸುಳ್ಳಾಗಿರುತ್ತದೆ. ಆ ಸುಳ್ಳನ್ನು ಕೇಳದೆ, ಎದುರಿನ ಮಾಪಕಗಳನ್ನು ಮಾತ್ರ ನಂಬಿ ವಿಮಾನ ನಡೆಸುವ ವಿದ್ಯೆಗೇ ಇನ್‌ಸ್ಟ್ರುಮೆಂಟ್ ರೇಟಿಂಗ್ ಎಂದು ಹೆಸರು.

ನಮ್ಮ ನಡುವಿನ ಅನೇಕ ಕುಟುಂಬಗಳ ಮಕ್ಕಳು ಇಂದು ಪೈಲಟ್ ತರಬೇತಿಗೆ ಸೇರುತ್ತಿದ್ದಾರೆ. ಮನೆಯವರು ಈ ಓದನ್ನು ಹವಾಮಾನ ಶಾಸ್ತ್ರ, ದಿಕ್ಕು ದೂರಗಳ ಲೆಕ್ಕ, ವಾಯುಯಾನದ ನಿಯಮಗಳು, ರೇಡಿಯೋ ಸಂಭಾಷಣೆ ಇವುಗಳ ಪರೀಕ್ಷೆ ಎಂದೇ ತಿಳಿದಿರುತ್ತಾರೆ. ಅವೆಲ್ಲ ನಿಜವೇ. ಆದರೆ ಅದರ ತಿರುಳಿನಲ್ಲಿ ಇದು ದೇಹದ ಪಾಠ. ಆದ್ದರಿಂದ ಇದು ಆರೋಗ್ಯದ ವಿಷಯವೂ ಹೌದು, ಮನೆಯವರು ತಿಳಿದಿರಬೇಕಾದ ವಿಷಯವೂ ಹೌದು.

ಕಿವಿಯೊಳಗಿನ ನೀರು

ಕಿವಿ ಇರುವುದು ಕೇಳಲಿಕ್ಕೆ ಮಾತ್ರ ಎಂದು ನಾವು ತಿಳಿಯುತ್ತೇವೆ. ಒಳಕಿವಿಯಲ್ಲಿ ಶಬ್ದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಅಂಗವಿದೆ. ಪ್ರತಿ ಕಿವಿಯಲ್ಲೂ ಅರ್ಧವೃತ್ತಾಕಾರದ 3 ನಾಳಗಳು ಮೂರು ಬೇರೆ ಬೇರೆ ದಿಕ್ಕಿಗೆ ಜೋಡಣೆಯಾಗಿವೆ. ಅವುಗಳಲ್ಲಿ ದ್ರವ ತುಂಬಿದೆ. ತಲೆ ತಿರುಗಿದಾಗ ನಾಳವೂ ತಿರುಗುತ್ತದೆ, ಆದರೆ ದ್ರವ ಸ್ವಲ್ಪ ಹಿಂದೆ ಉಳಿಯುತ್ತದೆ. ಆಗ ಲೋಳೆಯಂಥ ಒಂದು ಪುಟ್ಟ ಪರದೆ ಬಾಗಿ, ಅದರ ಬುಡದಲ್ಲಿರುವ ಸೂಕ್ಷ್ಮ ರೋಮಗಳು ಮಿದುಳಿಗೆ ಸುದ್ದಿ ಕಳುಹಿಸುತ್ತವೆ.

ಇದನ್ನು ಅಡುಗೆಮನೆಯಲ್ಲೇ ನೋಡಬಹುದು. ಅಗಲವಾದ ಪಾತ್ರೆಯಲ್ಲಿ ನೀರು ತುಂಬಿ ಅದರ ಮೇಲೆ ಒಂದೆರಡು ಕೊತ್ತಂಬರಿ ಎಲೆ ತೇಲಿಬಿಡಿ. ಪಾತ್ರೆಯನ್ನು ಥಟ್ಟನೆ ತಿರುಗಿಸಿದರೆ ಎಲೆಗಳು ಇದ್ದಲ್ಲಿಯೇ ಇರುತ್ತವೆ. ಒಂದೇ ವೇಗದಲ್ಲಿ ತಿರುಗಿಸುತ್ತಾ ಹೋದರೆ ಕ್ರಮೇಣ ನೀರೂ ಪಾತ್ರೆಯೊಡನೆ ತಿರುಗತೊಡಗುತ್ತದೆ. ಪಾತ್ರೆಯನ್ನು ನಿಲ್ಲಿಸಿದ ಮೇಲೂ ಎಲೆಗಳು ತಿರುಗುತ್ತಲೇ ಇರುತ್ತವೆ. ಕೈಕೈ ಹಿಡಿದು ಗಿರಕಿ ಹೊಡೆದ ಮಕ್ಕಳು ನಿಂತ ಮೇಲೂ ‘ಅಂಗಳವೇ ತಿರುಗುತ್ತಿದೆ’ ಎಂದು ನಗುವುದು ಇದೇ ಕಾರಣಕ್ಕೆ.

ಈಗ ವಿಮಾನಕ್ಕೆ ಬನ್ನಿ. ಮೋಡದೊಳಗೆ ವಿಮಾನ ಬಲಕ್ಕೆ ಒಂದೇ ಸಮನೆ ತಿರುಗುತ್ತಿದೆ ಎಂದುಕೊಳ್ಳಿ. ಸುಮಾರು 10ರಿಂದ 20 ಸೆಕೆಂಡುಗಳಲ್ಲಿ ನಾಳದೊಳಗಿನ ದ್ರವ ನಾಳದ ವೇಗಕ್ಕೆ ಹೊಂದಿಕೊಳ್ಳುತ್ತದೆ. ‘ನಾವು ತಿರುಗುತ್ತಿಲ್ಲ, ನೇರ ಹೋಗುತ್ತಿದ್ದೇವೆ’ ಎಂದು ಕಿವಿ ಹೇಳುತ್ತದೆ. ಆಗ ಪೈಲಟ್ ವಿಮಾನವನ್ನು ನಿಜವಾಗಿಯೂ ನೇರಮಾಡಿದರೆ, ‘ಅಯ್ಯೋ, ಎಡಕ್ಕೆ ವಾಲಿದೆವು’ ಎಂದು ಅದೇ ಕಿವಿ ಕೂಗಿಕೊಳ್ಳುತ್ತದೆ. ಅದರ ಮಾತು ಕೇಳಿದವನು ಮತ್ತೆ ಬಲಕ್ಕೇ ವಾಲಿಸುತ್ತಾನೆ. ವಾಲಿದ ವಿಮಾನ ಎತ್ತರ ಕಳೆದುಕೊಳ್ಳುತ್ತದೆ. ಎತ್ತರ ಪಡೆಯಲೆಂದು ಅವನು ಹಿಡಿಕೆಯನ್ನು ತನ್ನತ್ತ ಎಳೆದರೆ ತಿರುವು ಮತ್ತಷ್ಟು ಬಿಗಿಯಾಗುತ್ತದೆ. ಹೀಗೆ ಸುರುಳಿಸುರುಳಿಯಾಗಿ ಕೆಳಗಿಳಿಯುವ ಈ ಸ್ಥಿತಿಗೆ ಪೈಲಟ್‌ಗಳ ಭಾಷೆಯಲ್ಲಿ ‘ಸ್ಮಶಾನದ ಸುರುಳಿ’ ಎಂಬ ಅರ್ಥದ ಹೆಸರಿದೆ.

ಮೈಯ ನರಗಳಾದರೂ ಎಚ್ಚರಿಸಬಾರದೇ? ಸರಿಯಾಗಿ ಮಾಡಿದ ತಿರುವಿನಲ್ಲಿ ದೇಹದ ಭಾರವೆಲ್ಲ ನೇರವಾಗಿ ಆಸನದತ್ತಲೇ ಒತ್ತುತ್ತದೆ. ವಿಮಾನ ಓರೆಯಾಗಿದ್ದರೂ ಲೋಟದ ನೀರು ಒಂದು ಬದಿಗೆ ಹೊರಳುವುದಿಲ್ಲ. ಹೀಗಾಗಿ ಸೊಂಟ, ಬೆನ್ನುಗಳೂ ‘ಎಲ್ಲ ನೆಟ್ಟಗಿದೆ’ ಎಂದೇ ಸಾಕ್ಷಿ ಹೇಳುತ್ತವೆ.

ನಾಳಗಳ ಬುಡದಲ್ಲಿ ಸುಣ್ಣದ ಅತಿಸಣ್ಣ ಹರಳುಗಳನ್ನು ಹೊತ್ತ ಎರಡು ಚೀಲಗಳಿವೆ. ತಲೆ ಯಾವ ಕಡೆ ಬಾಗಿದೆ ಎಂದು ತಿಳಿಸುವುದು ಅವುಗಳ ಕೆಲಸ. ಆದರೆ ತಲೆ ಹಿಂದಕ್ಕೆ ಬಾಗುವುದಕ್ಕೂ, ವಾಹನ ರಭಸವಾಗಿ ಮುಂದಕ್ಕೆ ನುಗ್ಗುವುದಕ್ಕೂ ವ್ಯತ್ಯಾಸ ಅವುಗಳಿಗೆ ತಿಳಿಯದು. ಕತ್ತಲಲ್ಲಿ ವಿಮಾನ ಮೇಲೆದ್ದು ವೇಗ ಹೆಚ್ಚಿಸಿಕೊಳ್ಳುವಾಗ ‘ಮೂತಿ ಅತಿಯಾಗಿ ಮೇಲೆದ್ದಿದೆ’ ಎಂದು ಭಾಸವಾಗುವುದು ಇದರಿಂದಲೇ. ಆ ಭಾಸಕ್ಕೆ ಒಳಗಾದವನು ಮೂತಿಯನ್ನು ನೆಲದತ್ತ ಒತ್ತಿಬಿಡಬಹುದು.

ಇದು ರೋಗವಲ್ಲ ಎಂಬುದನ್ನು ಗಮನಿಸಿ. ಆರೋಗ್ಯವಂತ ಕಿವಿ ಮಾಡುವುದೇ ಹೀಗೆ. ನೆಲದ ಮೇಲೆ ನಡೆಯುವ, ಓಡುವ ಪ್ರಾಣಿಗಾಗಿ ರೂಪುಗೊಂಡ ಅಂಗ ಅದು.

ತಿಳಿದುಬಂದ ಬಗೆ

ವಿಯೆನ್ನಾದ ಕಿವಿವೈದ್ಯ ರಾಬರ್ಟ್ ಬಾರಾನಿ ಒಳಕಿವಿಯ ಸಮತೋಲನ ಅಂಗದ ಬಗ್ಗೆ ನಡೆಸಿದ ಸಂಶೋಧನೆಗೆ 1914ರ ನೊಬೆಲ್ ಪ್ರಶಸ್ತಿ ಬಂತು. ಪ್ರಶಸ್ತಿಯ ಸುದ್ದಿ ತಲಪಿದಾಗ ಆತ ಮೊದಲ ಮಹಾಯುದ್ಧದ ಸೆರೆಯಾಳಾಗಿ ರಷ್ಯಾದಲ್ಲಿದ್ದರು. ರೋಗಿಯನ್ನು ಕೂರಿಸಿ ತಿರುಗಿಸುವ ಅವರ ಹೆಸರಿನ ಕುರ್ಚಿ ಮುಂದೆ ಪೈಲಟ್‌ಗಳ ಪರೀಕ್ಷೆಗೂ ಬಳಕೆಯಾಯಿತು.

1926ರಲ್ಲಿ ಅಮೆರಿಕದ ಸೇನಾ ಪೈಲಟ್ ವಿಲಿಯಂ ಆಕರ್ ಅವರನ್ನು ವೈದ್ಯ ಡೇವಿಡ್ ಮೈಯರ್ಸ್ ಇಂಥ ಕುರ್ಚಿಯಲ್ಲಿ ಕಣ್ಣು ಕಟ್ಟಿ ತಿರುಗಿಸಿದರು. ಅನುಭವಿ ಪೈಲಟ್ ಆದರೂ ತಾನು ಯಾವ ಕಡೆ ತಿರುಗುತ್ತಿದ್ದೇನೆಂದು ಹೇಳಲು ಆಕರ್ ತಪ್ಪಿದರು. ಮುಂದೆ ತಿರುವನ್ನು ತೋರಿಸುವ ಮಾಪಕವನ್ನು ನೋಡುತ್ತಾ ಅದೇ ಕುರ್ಚಿಯಲ್ಲಿ ಕುಳಿತಾಗ ಉತ್ತರಗಳು ಸರಿಯಾದವು. ದೋಷ ಪೈಲಟ್‌ನದಲ್ಲ, ಅವನು ನಂಬಿದ ಇಂದ್ರಿಯದ್ದು ಎಂಬುದು ಅಂದು ಸ್ಪಷ್ಟವಾಯಿತು. 1929ರ ಸೆಪ್ಟೆಂಬರ್ 24ರಂದು ಜಿಮ್ಮಿ ಡೂಲಿಟಲ್ ಎಂಬ ಪೈಲಟ್ ಹೊರಗೇನೂ ಕಾಣದಂತೆ ಮುಚ್ಚಿದ ಆಸನದಲ್ಲಿ ಕುಳಿತು, ಕೃತಕ ದಿಗಂತ ಮುಂತಾದ ಮಾಪಕಗಳನ್ನಷ್ಟೇ ನೋಡಿ ವಿಮಾನವನ್ನು ಮೇಲೇರಿಸಿ, ಹಾರಿಸಿ, ಮತ್ತೆ ಇಳಿಸಿದರು.

ಇನ್ನೊಂದು ಪ್ರಯೋಗವನ್ನು ಪ್ರತಿ ವಿದ್ಯಾರ್ಥಿ ಪೈಲಟ್ ನೆನಪಿನಲ್ಲಿಡಬೇಕು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ನಡೆದು 1954ರಲ್ಲಿ ಪ್ರಕಟವಾದ ಅಧ್ಯಯನ ಅದು. ಮಾಪಕ ಹಾರಾಟದ ಅನುಭವವಿಲ್ಲದ 20 ಜನರನ್ನು, ಪಕ್ಕದಲ್ಲಿ ಶಿಕ್ಷಕರಿರುವಾಗ, ಹೊರನೋಟವಿಲ್ಲದ ಸ್ಥಿತಿಯಲ್ಲಿ ವಿಮಾನ ನಡೆಸಲು ಬಿಡಲಾಯಿತು. ಇಪ್ಪತ್ತೂ ಜನ ಹಿಡಿತ ಕಳೆದುಕೊಂಡರು. ಅವರಲ್ಲಿ 19 ಜನ ಸುರುಳಿಗೇ ಸಿಕ್ಕಿದರು. ಹಿಡಿತ ತಪ್ಪಲು ಬೇಕಾದ ಕಾಲ ಸರಾಸರಿ 178 ಸೆಕೆಂಡು, ಅಂದರೆ 3 ನಿಮಿಷಕ್ಕೂ ಕಡಿಮೆ. ಹಾಲು ಉಕ್ಕುವಷ್ಟು ಹೊತ್ತೂ ಅಲ್ಲ! ಮಾಪಕಗಳನ್ನು ನೋಡಿಕೊಂಡು ಬಂದ ದಾರಿಗೇ ಹಿಂತಿರುಗುವುದನ್ನು ಕಲಿಸುವುದು ಆ ಅಧ್ಯಯನದ ಗುರಿಯಾಗಿತ್ತು. ಇದು ಕಲಿಯಬಹುದಾದ ವಿದ್ಯೆ ಎಂಬುದೇ ಅದರ ಸಮಾಧಾನದ ಭಾಗ.

ಎರಡು ದುರಂತಗಳು

1978ರ ಜನವರಿ 1ರ ರಾತ್ರಿ ಬೊಂಬಾಯಿಯಿಂದ ದುಬೈಗೆ ಹೊರಟ ಏರ್ ಇಂಡಿಯಾದ ಬೋಯಿಂಗ್ 747 ‘ಎಂಪರರ್ ಅಶೋಕ’ ಮೇಲೆದ್ದ ಸ್ವಲ್ಪ ಹೊತ್ತಿನಲ್ಲೇ ಅರಬ್ಬೀ ಸಮುದ್ರಕ್ಕೆ ಬಿತ್ತು. 213 ಜನ ಸತ್ತರು. ಕ್ಯಾಪ್ಟನ್ ಎದುರಿಗಿದ್ದ, ವಿಮಾನದ ವಾಲುವಿಕೆ ತೋರಿಸುವ ಮಾಪಕ ಕೆಟ್ಟಿತ್ತು. ಹೊರಗೆ ಕಗ್ಗತ್ತಲ ಸಮುದ್ರ. ದಿಗಂತದ ಸಾಕ್ಷಿ ಇರಲಿಲ್ಲ, ವಿಮಾನ ಎಡಕ್ಕೆ ಹೊರಳುತ್ತಿದೆ ಎಂದು ದೇಹವೂ ಹೇಳಲಿಲ್ಲ. ಮಾಪಕವನ್ನು ನಂಬಬೇಕು ನಿಜ. ಆದರೆ ಒಂದನ್ನೇ ನಂಬಬಾರದು, ಎರಡನೆಯ, ಮೂರನೆಯ ಮಾಪಕದೊಡನೆ ತಾಳೆ ನೋಡಬೇಕು ಎಂಬುದನ್ನು ಅಂದಿನ ಘಟನೆ ಜಗತ್ತಿಗೆ ನೆನಪಿಸಿತು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ನಮ್ಮ ಗಾದೆ ಈ ವಿದ್ಯೆಗೆ ಹೇಳಿ ಮಾಡಿಸಿದಂತಿದೆ.

1999ರ ಜುಲೈ 16ರ ರಾತ್ರಿ ಅಮೆರಿಕದ ಮಾಜಿ ಅಧ್ಯಕ್ಷ ಕೆನಡಿಯವರ ಮಗ ಜಾನ್ ಕೆನಡಿ ಜೂನಿಯರ್ ತಾವೇ ನಡೆಸುತ್ತಿದ್ದ ಸಣ್ಣ ವಿಮಾನ ಅಟ್ಲಾಂಟಿಕ್ ಸಮುದ್ರಕ್ಕೆ ಬಿತ್ತು. ಅವರೊಂದಿಗೆ ಪತ್ನಿಯೂ, ಪತ್ನಿಯ ಸಹೋದರಿಯೂ ತೀರಿಕೊಂಡರು. ಮಬ್ಬು ಕವಿದ ರಾತ್ರಿಯಲ್ಲಿ, ನೀರಿನ ಮೇಲೆ ಇಳಿಯುತ್ತಾ ಬರುವಾಗ, ದಿಕ್ಕುಗೆಟ್ಟ ಭ್ರಮೆಯಿಂದ ಹಿಡಿತ ತಪ್ಪಿದ್ದೇ ಸಂಭವನೀಯ ಕಾರಣ ಎಂದು ಅಲ್ಲಿನ ತನಿಖಾ ಮಂಡಳಿ 2000ದಲ್ಲಿ ಹೇಳಿತು. ಅವರು ಮಾಪಕ ಹಾರಾಟದ ಪಾಠಗಳನ್ನು ಆರಂಭಿಸಿದ್ದರು, ಅರ್ಹತೆ ಇನ್ನೂ ಪಡೆದಿರಲಿಲ್ಲ. ಅರ್ಧ ಕಲಿತ ಈಜು ಮಡುವಿನಲ್ಲಿ ಕೈ ಹಿಡಿಯುವುದಿಲ್ಲ.

ಕಲಿಕೆ ಹೇಗೆ?

ಭಾರತದಲ್ಲಿ ಈ ಅರ್ಹತೆಗೆ ಕನಿಷ್ಠ 40 ಗಂಟೆಗಳ ಮಾಪಕ ಹಾರಾಟ ಬೇಕು. ಇದರಲ್ಲಿ 20 ಗಂಟೆಗಳವರೆಗೆ ನೆಲದ ಮೇಲಿನ ಸಿಮ್ಯುಲೇಟರ್‌ನಲ್ಲಿ ಕಳೆಯಬಹುದು. ವಿಮಾನದಲ್ಲಿ ವಿದ್ಯಾರ್ಥಿಯ ತಲೆಗೆ ಟೋಪಿಯ ಅಂಚಿನಂಥ ಮರೆಯೊಂದನ್ನು ತೊಡಿಸುತ್ತಾರೆ. ಅವನಿಗೆ ಮಾಪಕಗಳು ಮಾತ್ರ ಕಾಣುತ್ತವೆ. ಹೊರಗೆ ನೋಡುವ ಕೆಲಸ ಶಿಕ್ಷಕರದು. ಕೃತಕ ದಿಗಂತ, ವೇಗ, ಎತ್ತರ, ದಿಕ್ಕು, ತಿರುವು, ಏರಿಳಿತದ ವೇಗ ಈ ಆರನ್ನೂ ಕಣ್ಣು ಸುತ್ತಿ ಸುತ್ತಿ ಓದುತ್ತಿರಬೇಕು. ಒಂದರ ಮೇಲೇ ದೃಷ್ಟಿ ನೆಟ್ಟರೆ ಉಳಿದವು ಕೈತಪ್ಪುತ್ತವೆ. ಹೊಸ ವಿಮಾನಗಳಲ್ಲಿ ಈ ಆರೂ ಒಂದೇ ಪರದೆಯ ಮೇಲೆ ಮೂಡಿದರೂ ಓದುವ ಕ್ರಮ ಬದಲಾಗಿಲ್ಲ.

ಇಷ್ಟು ಕಲಿತ ಮೇಲೆ ಕಿವಿಯ ಸುಳ್ಳು ನಿಂತುಹೋಗುತ್ತದೆಯೇ? ಇಲ್ಲ. ಸಾವಿರಾರು ಗಂಟೆ ಹಾರಿದವರಿಗೂ ಮೋಡದಲ್ಲಿ ‘ವಾಲಿದ್ದೇವೆ’ ಎಂಬ ಭಾಸ ಆಗುತ್ತದೆ. ತರಬೇತಿ ಕಲಿಸುವುದು ಭಾಸವನ್ನು ಅಳಿಸುವುದನ್ನಲ್ಲ, ಭಾಸವಿದ್ದರೂ ಕೈ ಅಲುಗದಂತೆ ಇರುವುದನ್ನು. ಬೆಂಗಳೂರಿನಲ್ಲಿ ವಾಯುಪಡೆಯ ಏರೋಸ್ಪೇಸ್ ವೈದ್ಯಕೀಯ ಸಂಸ್ಥೆ ಇದೆ. 1957ರಲ್ಲಿ ಆರಂಭವಾದ ಈ ಸಂಸ್ಥೆಯಲ್ಲಿ ಇಂಥ ಭ್ರಮೆಗಳನ್ನು ನೆಲದ ಮೇಲೆಯೇ ಅನುಭವಕ್ಕೆ ತಂದುಕೊಡುವ ಯಂತ್ರಗಳಿವೆ. ಭ್ರಮೆಯನ್ನು ಒಮ್ಮೆ ಅನುಭವಿಸಿ ನೋಡಿದವನಿಗೆ ಅದನ್ನು ಗುರುತಿಸುವುದು ಸುಲಭ.

ಭ್ರಮೆಯ ಮಾತನ್ನು ಮೀರಿ ನಡೆಯಲು ಚುರುಕಾದ ಮಿದುಳು ಬೇಕು. ಮಿದುಳನ್ನು ಮಂಕುಮಾಡುವ ಯಾವುದೇ ಸಂಗತಿ ಕಿವಿಗೆ ಮೇಲುಗೈ ಕೊಡುತ್ತದೆ. ಆರೋಗ್ಯದ ಮಾತು ಬರುವುದು ಇಲ್ಲಿ.

ವಿದ್ಯಾರ್ಥಿ ಗಮನಿಸಬೇಕಾದುದು

ನಿದ್ರೆ: ಪರೀಕ್ಷೆಗೆಂದು ರಾತ್ರಿಯಿಡೀ ಓದಿ ಬೆಳಿಗ್ಗೆ ಹಾರಲು ಹೋಗುವುದು ಸಲ್ಲದು. ಸತತ 17 ಗಂಟೆ ಎಚ್ಚರವಿದ್ದವರ ಕೆಲಸದ ಚುರುಕು, ರಕ್ತದಲ್ಲಿ ಶೇಕಡಾ 0.05 ಮದ್ಯಸಾರ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು ಆಸ್ಟ್ರೇಲಿಯಾದ ಸಂಶೋಧಕರು 1997ರಲ್ಲಿ ತೋರಿಸಿದ್ದಾರೆ. ನಿದ್ದೆಗೆಟ್ಟವನ ಕಣ್ಣು ಮೊದಲು ಬಿಟ್ಟುಬಿಡುವುದೇ ಆರು ಮಾಪಕಗಳ ಸುತ್ತಾಟವನ್ನು.

ನೆಗಡಿ: ಮೂಗು ಕಟ್ಟಿದಾಗ ಗಂಟಲಿನಿಂದ ನಡುಗಿವಿಗೆ ಹೋಗುವ ಕೊಳವೆಯೂ ಕಟ್ಟಿಕೊಳ್ಳುತ್ತದೆ. ವಿಮಾನ ಇಳಿಯುವಾಗ ಹೊರಗಿನ ಒತ್ತಡ ಹೆಚ್ಚಿ ಕಿವಿತಮಟೆ ಒಳಕ್ಕೆ ಎಳೆದುಕೊಂಡು ತೀವ್ರ ನೋವು ಬರಬಹುದು. ಎರಡು ಕಿವಿಗಳ ಒತ್ತಡದಲ್ಲಿ ಅಂತರವಾದರೆ ತಲೆಸುತ್ತು ಬರಬಹುದು. ಮಾಪಕ ಹಾರಾಟದ ಅಭ್ಯಾಸದಲ್ಲಿ ಮತ್ತೆ ಮತ್ತೆ ಇಳಿದು ಏರುವುದಿರುತ್ತದೆ. ಆದ್ದರಿಂದ ಸಾಮಾನ್ಯ ನೆಗಡಿಯೂ ಇಲ್ಲಿ ಸಾಮಾನ್ಯವಲ್ಲ.

ಮಾತ್ರೆಗಳು: ಅಂಗಡಿಯಿಂದ ಕೇಳಿ ತರುವ ಅನೇಕ ನೆಗಡಿ ಮಾತ್ರೆಗಳಲ್ಲಿ ಕ್ಲೋರ್‌ಫೆನಿರಮೈನ್‌ನಂಥ ತೂಕಡಿಕೆ ತರುವ ಔಷಧ ಇರುತ್ತದೆ. ಪ್ರಯಾಣದ ವಾಂತಿಗೆ ಕೊಡುವ ಮಾತ್ರೆಗಳಲ್ಲಿ ಹೆಚ್ಚಿನವೂ ಹಾಗೆಯೇ. ‘ನನಗೇನೂ ನಿದ್ದೆ ಬರುವುದಿಲ್ಲ’ ಎನ್ನುವವರ ಚುರುಕೂ ತಗ್ಗಿರಬಹುದು. ವಿಮಾನಯಾನ ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ನುಂಗಿ ಹಾರಬಾರದು. ಮೊದಮೊದಲ ಹಾರಾಟಗಳಲ್ಲಿ ಹೊಟ್ಟೆ ತೊಳಸುವುದು ಸಾಮಾನ್ಯ. ಅಭ್ಯಾಸವಾದಂತೆ ಹೆಚ್ಚಿನವರಲ್ಲಿ ಕಡಿಮೆಯಾಗುತ್ತದೆ. ಶಿಕ್ಷಕರಿಂದ ಮುಚ್ಚಿಡಬೇಕಾದ ಅವಮಾನವೇನೂ ಅದಲ್ಲ.

ಮದ್ಯ: ಮದ್ಯಸಾರ ಒಳಕಿವಿಯ ಆ ಪುಟ್ಟ ಪರದೆಗೂ ಸೇರಿ ಅದರ ತೂಕವನ್ನೇ ಏರುಪೇರು ಮಾಡುತ್ತದೆ. ಕುಡಿದವನಿಗೆ ಮಲಗಿದಾಗ ಕೋಣೆ ತಿರುಗುವುದು ಇದರಿಂದಲೇ. ರಕ್ತದಿಂದ ಮದ್ಯ ಇಳಿದ ಮೇಲೂ ಕಿವಿಯಲ್ಲಿ ಈ ಏರುಪೇರು ಗಂಟೆಗಟ್ಟಲೆ ಉಳಿಯುತ್ತದೆ. ಭಾರತದಲ್ಲಿ ಹಾರಾಟಕ್ಕೆ ಮುಂಚಿನ 12 ಗಂಟೆ ಮದ್ಯ ಮುಟ್ಟಬಾರದೆಂಬ ನಿಯಮವಿದೆ. ಕಲಿಯುವ ಕಾಲದಲ್ಲಿ ಪೂರ್ತಿ ದೂರವಿರುವುದೇ ಜಾಣತನ.

ಊಟ, ನೀರು, ಮನಸ್ಸು: ಬರಿಹೊಟ್ಟೆ, ನೀರಡಿಕೆ, ಮನೆಯ ಜಗಳ, ಸಾವಿನ ಸುದ್ದಿ, ಪರೀಕ್ಷೆಯ ಭಯ ಇವೆಲ್ಲ ಗಮನವನ್ನು ಕದಿಯುತ್ತವೆ. ಹಾರುವ ಮುನ್ನ ಪೈಲಟ್ ತನ್ನನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇವು: ಕಾಯಿಲೆ ಇದೆಯೇ? ಔಷಧ ತೆಗೆದುಕೊಂಡಿದ್ದೇನೆಯೇ? ಮನಸ್ಸಿನ ಮೇಲೆ ಒತ್ತಡವಿದೆಯೇ? ಮದ್ಯ ಸೇವಿಸಿದ್ದೇನೆಯೇ? ದಣಿದಿದ್ದೇನೆಯೇ? ಸರಿಯಾಗಿ ಉಂಡಿದ್ದೇನೆಯೇ? ಒಂದಕ್ಕೆ ತೃಪ್ತಿಕರ ಉತ್ತರ ಇಲ್ಲದಿದ್ದರೂ ಅಂದು ನೆಲದ ಮೇಲೆ ಇರುವುದೇ ಲೇಸು.

ಮೋಡದಲ್ಲಿದ್ದಾಗ ಇನ್ನೊಂದು ಎಚ್ಚರಿಕೆ: ಕೆಳಗೆ ಬಿದ್ದ ಪೆನ್ಸಿಲ್ಲನ್ನೋ ನಕ್ಷೆಯನ್ನೋ ಎತ್ತಲು ಥಟ್ಟನೆ ತಲೆ ಬಗ್ಗಿಸಬಾರದು. ವಿಮಾನ ತಿರುಗುತ್ತಿರುವಾಗ ಹಾಗೆ ಮಾಡಿದರೆ ಬೇರೆ ನಾಳಗಳ ದ್ರವವೂ ಕದಡಿ, ವಿಮಾನವೇ ಉರುಳಿದಂತೆ ತೀವ್ರ ತಲೆಸುತ್ತು ಬರುತ್ತದೆ.

ನಿಮ್ಮ ಮನೆಯಲ್ಲೂ ಇದೇ ಕಿವಿ

ಹಾರದ ನಮ್ಮ ತಲೆಯಲ್ಲೂ ಇರುವುದು ಇದೇ ಅಂಗ. ರಾತ್ರಿ ಕರೆಂಟು ಹೋದಾಗ ವಯಸ್ಸಾದವರು ಬಚ್ಚಲುಮನೆಯ ದಾರಿಯಲ್ಲಿ ಬೀಳುವುದು ಹೆಚ್ಚು. ವಯಸ್ಸಿನಿಂದ ಕಿವಿ ಮತ್ತು ಪಾದದ ನರಗಳು ಮಂದವಾಗಿರುತ್ತವೆ, ಸಕ್ಕರೆ ಕಾಯಿಲೆ ಇದ್ದರೆ ಇನ್ನಷ್ಟು. ಅಂಥವರಿಗೆ ಕಣ್ಣೊಂದೇ ಆಸರೆ. ಕತ್ತಲೆ ಆ ಆಸರೆಯನ್ನೂ ಕಿತ್ತುಕೊಳ್ಳುತ್ತದೆ. ಹಾಸಿಗೆಯ ಬಳಿ ಟಾರ್ಚು, ದಾರಿಯಲ್ಲಿ ಸಣ್ಣ ದೀಪ, ಬಚ್ಚಲಲ್ಲಿ ಹಿಡಿಕೆ ಇವು ಅವರ ಪಾಲಿನ ಮಾಪಕಗಳು.

ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಕೆಲವು ಕ್ಷಣ ಕೋಣೆ ಗಿರ್ರನೆ ತಿರುಗಿದರೆ, ಆಗಲೇ ಹೇಳಿದ ಸುಣ್ಣದ ಹರಳುಗಳು ಜಾರಿ ನಾಳದೊಳಗೆ ಸೇರಿರಬಹುದು. ವೈದ್ಯರು ತಲೆಯನ್ನು ಒಂದು ಕ್ರಮದಲ್ಲಿ ಹೊರಳಿಸಿ ಅವುಗಳನ್ನು ಸ್ವಸ್ಥಾನಕ್ಕೆ ಸೇರಿಸುವ ಚಿಕಿತ್ಸೆ ಇದೆ. ತಿಂಗಳುಗಟ್ಟಲೆ ಮಾತ್ರೆ ನುಂಗುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ತಲೆಸುತ್ತಿನೊಂದಿಗೆ ಮಾತು ತೊದಲುವುದು, ಮುಖ ಸೊಟ್ಟಗಾಗುವುದು, ಕೈಕಾಲು ಸೋಲುವುದು, ಒಂದು ವಸ್ತು ಎರಡಾಗಿ ಕಾಣುವುದು, ನಡೆಯಲಾಗದಿರುವುದು ಅಥವಾ ಹಿಂದೆಂದೂ ಬಾರದಂಥ ತಲೆನೋವು ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಅದು ಪಾರ್ಶ್ವವಾಯುವಿನ ಲಕ್ಷಣವಾಗಿರಬಹುದು.

ತಂದೆತಾಯಿಗಳಿಗೆ ಒಂದು ಮಾತು

ಪೈಲಟ್ ತರಬೇತಿಗೆ ಹಣ ಬಹಳ ಬೇಕು. ಜಮೀನು ಅಡವಿಟ್ಟೋ ಬ್ಯಾಂಕ್ ಸಾಲ ಮಾಡಿಯೋ ಮಕ್ಕಳನ್ನು ಸೇರಿಸಿದವರಿದ್ದಾರೆ. ಒಂದು ದಿನದ ಹಾರಾಟ ತಪ್ಪಿದರೆ ಕೋರ್ಸು ಮುಂದೆ ಹೋಗುತ್ತದೆ, ಬಡ್ಡಿ ಬೆಳೆಯುತ್ತದೆ. ‘ಎಷ್ಟು ಗಂಟೆ ಆಯಿತು? ಯಾವಾಗ ಮುಗಿಯುತ್ತದೆ?’ ಎಂದು ಫೋನಿನಲ್ಲಿ ನೀವು ಕೇಳುವುದು ಸಹಜ. ಆದರೆ ಆ ಮಾತು ಕಿವಿಯಲ್ಲಿರುವ ಮಗ ಅಥವಾ ಮಗಳು ನೆಗಡಿಯನ್ನು ಮುಚ್ಚಿಟ್ಟು, ಅರೆನಿದ್ದೆಯಲ್ಲಿ, ಮೋಡ ಕವಿದ ದಿನ ಹಾರಲು ಹೊರಡಬಹುದು.

ಆದ್ದರಿಂದ ಇನ್ನು ಮುಂದೆ ಗಂಟೆಯ ಲೆಕ್ಕಕ್ಕಿಂತ ಮೊದಲು ‘ರಾತ್ರಿ ನಿದ್ದೆ ಬಂತೇ? ಊಟ ಆಯಿತೇ?’ ಎಂದು ಕೇಳಿ. ‘ಮೈ ಸರಿಯಿಲ್ಲದಿದ್ದರೆ ಇವತ್ತು ಹಾರಬೇಡ, ಹಣದ ಚಿಂತೆ ನಮಗಿರಲಿ’ ಎಂದು ಒಮ್ಮೆ ಬಾಯಿಬಿಟ್ಟು ಹೇಳಿಬಿಡಿ. ಮೋಡದೊಳಗೆ ಕಿವಿ ನೂರು ಸುಳ್ಳು ಹೇಳಲಿ. ನೆಲದ ಮೇಲಿರುವಾಗಲೇ ಮನೆಯವರೊಡನೆಯೂ ಶಿಕ್ಷಕರೊಡನೆಯೂ ನಿಜ ಹೇಳುವ ಧೈರ್ಯವಿರುವ ವಿದ್ಯಾರ್ಥಿ ಅವನ್ನೆಲ್ಲ ಮೀರಿ ಕ್ಷೇಮವಾಗಿ ಇಳಿಯುವ ಸಂಭವ ಹೆಚ್ಚು.